ಹೊಗೆ ಬಂತು, ತಾತ!

ಮಕ್ಕಳೇ, ಹೋದ ತಿಂಗಳು ನನ್ನ ಕೈಯಿಂದಲೇ ಒಂದು ಡಿಕೋಡರ್ ಸುಟ್ಟುಹೋಯಿತು.

ಮೊಮ್ಮಗನ ಪುಟ್ಟ ಎಂಜಿನ್ ನೋಡಲು ಉಗಿಬಂಡಿ, ಒಳಗಿರುವುದು ಮೋಟಾರು. ಎನ್ ಸ್ಕೇಲಿನದು, ಹಳಿಗಳ ನಡುವೆ 9 ಮಿಲಿಮೀಟರ್ ಅಷ್ಟೇ. ಡಿಕೋಡರ್ ಅದರ ಡ್ರೈವರ್ ಇದ್ದಂತೆ. ಹಳಿಯಲ್ಲಿ ಕರೆಂಟಿನ ಜೊತೆ ಬರುವ ಅಪ್ಪಣೆಗಳಲ್ಲಿ ತನ್ನ ನಂಬರಿನದನ್ನು ಮಾತ್ರ ಕೇಳಿ ಮೋಟಾರು ಓಡಿಸುತ್ತದೆ.

ನಾನು ಕೊಳ್ಳುವಾಗ ನೋಡಿದ್ದು ಉದ್ದಗಲ ಮಾತ್ರ. ಬಾಯ್ಲರಿನಲ್ಲಿ ಜಾಗವಿಲ್ಲ, ಹಿಂದಿನ ಕಲ್ಲಿದ್ದಲ ಟೆಂಡರಿನಲ್ಲಿ ಹಿಡಿಸಿತು. ಆದರೆ ಹಳೆಯ ಎಂಜಿನ್. ಮೋಟಾರಿನ ಒಂದು ಬ್ರಷ್ ಲೋಹದ ಚಾಸಿಗೆ ತಾಗಿತ್ತು, ಚಾಸಿ ಚಕ್ರದ ಮೂಲಕ ಹಳಿಗೆ. ಕರೆಂಟು ಅಡ್ಡದಾರಿಯಲ್ಲಿ ಡಿಕೋಡರಿಗೆ ನುಗ್ಗಿತು.

"ತಾತ, ಹೊಗೆ ಬಂತು!" ಎಂದು ಹುಡುಗ ಚಪ್ಪಾಳೆ ತಟ್ಟಿದ. ಉಗಿಬಂಡಿಯಲ್ಲವೇ, ಪಾಪ! ಹೋದದ್ದು ನನ್ನ ಪಿಂಚಣಿಯ ದುಡ್ಡು. ಖಾತೆಯಲ್ಲಿ ಬಾಕಿ ನೋಡದೆ ಒಂದು ಚೆಕ್ಕನ್ನೂ ಪಾಸು ಮಾಡದ ಗುಮಾಸ್ತ ನಾನು!

ಈ ಸಲ ಮೊದಲು ಬ್ರಷ್‌ಗೂ ಚಾಸಿಗೂ ನಡುವೆ ತೆಳು ಪ್ಲಾಸ್ಟಿಕ್ ಇಟ್ಟು, ಮಲ್ಟಿಮೀಟರಿನಲ್ಲಿ ಪರೀಕ್ಷಿಸಿದೆ. ಆಮೇಲೆ 12 ವೋಲ್ಟ್ ಕೊಟ್ಟು, ಚಕ್ರವನ್ನು ಕ್ಷಣಮಾತ್ರ ತಡೆದು ಹಿಡಿದು, ಮೋಟಾರು ಎಷ್ಟು ಕರೆಂಟು ಎಳೆಯುತ್ತದೆಂದು ಅಳೆದೆ. ಅದಕ್ಕಿಂತ ಹೆಚ್ಚು ತಾಳುವ ಡಿಕೋಡರನ್ನೇ ತರಿಸಿದೆ.

ನಿನ್ನೆ ಬಂಡಿ ಮೆಲ್ಲಗೆ ಹೊರಟಿತು. ಹುಡುಗನ ಮುಖ ಸಪ್ಪಗಾಯಿತು.

"ಈ ಸಲ ಹೊಗೆ ಬರಲ್ವಾ, ತಾತ?"