ದಾರಿಬದಿಯ ದನಿ

ರಸ್ತೆ ಸೈಕಲ್ ರೇಸಿನಲ್ಲಿ ಪ್ರೇಕ್ಷಕರಿಗೆ ಕಾಣಸಿಗುವುದು ಬಹಳ ಕಡಿಮೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುವ ಗುಂಪು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ; ನೂರು ಮೀಟರ್ ಉದ್ದದ ಬಂಚ್ ಕಣ್ಣೆದುರು ಹಾದುಹೋಗಲು ಹತ್ತು ಸೆಕೆಂಡೂ ಹಿಡಿಯುವುದಿಲ್ಲ. ಅಷ್ಟರೊಳಗೆ ತಮ್ಮ ಕ್ಲಬ್ಬಿನ ಜೆರ್ಸಿ ಎಲ್ಲಿದೆಯೆಂದು ಹುಡುಕಬೇಕು, ಹೆಸರು ಹಿಡಿದು ಕೂಗಬೇಕು. ಮುಂದಿನ ಸುತ್ತಿಗೆ ಅರ್ಧ ಗಂಟೆ ಕಾಯಬೇಕು. ಹೀಗಿದ್ದೂ ಕ್ಲಬ್ಬಿನ ಗೆಳೆಯರು ನಸುಕಿನಲ್ಲೆದ್ದು ಬಂದು ರಸ್ತೆಬದಿ ನಿಲ್ಲುತ್ತಾರೆ. ಆ ನಿಲುವಿನಿಂದ ತುಳಿಯುವವನಿಗೆ ಆಗುವ ಪ್ರಯೋಜನ ಸಣ್ಣದಲ್ಲ. ಆದರೆ ಅದು ಎಲ್ಲಿ ನಿಂತರು, ಏನು ಕೂಗಿದರು ಎಂಬುದರ ಮೇಲೆ ನಿಂತಿದೆ.

ಮೊದಲು ಜಾಗದ ವಿಚಾರ. ಸಮತಟ್ಟಾದ ರಸ್ತೆಯಲ್ಲಿ ಸವಾರನ ಶಕ್ತಿಯ ಬಹುಪಾಲನ್ನು ತಿನ್ನುವುದು ಗಾಳಿ. ಹಾಗಾಗಿ ಎಲ್ಲರೂ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ಸಾಗುತ್ತಾರೆ. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಬರ್ಟ್ ಬ್ಲಾಕನ್ ಮತ್ತು ಸಂಗಡಿಗರು 121 ಸವಾರರ ಗುಂಪಿನ ಮೇಲೆ ಗಾಳಿಯ ಲೆಕ್ಕ ಹಾಕಿ, 2018ರಲ್ಲಿ ಪ್ರಕಟಿಸಿದರು. ಒಂಟಿ ಸವಾರ ಎದುರಿಸುವ ಪ್ರತಿರೋಧದ ಕೇವಲ 5ರಿಂದ 10 ಶೇಕಡದಷ್ಟು ಮಾತ್ರ ಗುಂಪಿನ ಒಳಗೆ ಹುದುಗಿರುವವನಿಗೆ ತಟ್ಟುತ್ತದೆ ಎಂದು ಅದರಿಂದ ತಿಳಿಯಿತು. ಗಾಳಿಯಿಂದ ಮರೆಯಾದವನು ನೋಡುಗರ ಕಣ್ಣಿನಿಂದಲೂ ಮರೆಯಾಗುತ್ತಾನೆ. ಕಿವಿಯಲ್ಲಿ ಗಾಳಿಯ ಮೊರೆತ, ಸುತ್ತ ಚೈನು, ಗೇರುಗಳ ಸದ್ದು. ಕೂಗಿದ ಹೆಸರು ಅವನನ್ನು ಮುಟ್ಟುವುದೇ ಅನುಮಾನ.

ಏರು ಶುರುವಾದ ಕೂಡಲೇ ಚಿತ್ರ ಬದಲಾಗುತ್ತದೆ. ವೇಗ ಗಂಟೆಗೆ 15 ಕಿ.ಮೀ.ಗೆ ಇಳಿದಾಗ ಗಾಳಿಯ ಆಟ ಮುಗಿದು, ದೇಹದ ತೂಕವನ್ನು ಮೇಲಕ್ಕೆ ಎತ್ತುವ ಕೆಲಸವೇ ಮುಖ್ಯವಾಗುತ್ತದೆ. ಬೆನ್ನಿಗಂಟಿಕೊಂಡು ಹೋಗುವುದರ ಲಾಭ ಕರಗಿ, ಬಂಚ್ ಒಡೆದು, ಸವಾರರು ಒಬ್ಬೊಬ್ಬರಾಗಿ ಬರುತ್ತಾರೆ. 1,478 ಮೀಟರ್ ಎತ್ತರದ ನಂದಿಬೆಟ್ಟದ ಏಳೆಂಟು ಕಿಲೋಮೀಟರಿನ ಏರಿನಲ್ಲಿ ನಿಂತವರಿಗೆ ಪ್ರತಿಯೊಬ್ಬನ ಮುಖವೂ ಕಾಣುತ್ತದೆ: ತೆರೆದ ಬಾಯಿ, ಹೆಲ್ಮೆಟ್ಟಿನ ಪಟ್ಟಿಯಿಂದ ತೊಟ್ಟಿಕ್ಕುವ ಬೆವರು, ತೂಗಾಡುವ ಭುಜ. ನೂರು ಮೀಟರ್ ದಾಟಲು ಅವನಿಗೆ ಇಪ್ಪತ್ತನಾಲ್ಕು ಸೆಕೆಂಡ್ ಬೇಕು. ಮಾತು ಮುಟ್ಟಲು ಅದು ಸಾಕಷ್ಟು ಹೊತ್ತು. ಫ್ರಾನ್ಸಿನ ಆಲ್ಪ್ ದ್ಯುಯೆಜ್ ಏರಿನ 21 ತಿರುವುಗಳಲ್ಲಿ ಜನ ಹಿಂದಿನ ದಿನವೇ ಬಂದು ಬೀಡುಬಿಡುವುದರ ಹಿಂದೆಯೂ ಇದೇ ಲೆಕ್ಕವಿದೆ.

ಕೂಗಿನಿಂದ ನಿಜವಾಗಿ ಏನಾದರೂ ಆಗುತ್ತದೆಯೇ? ಈ ಪ್ರಶ್ನೆಯ ಇತಿಹಾಸ ಸೈಕಲ್ಲಿನಿಂದಲೇ ಆರಂಭವಾಗುವುದು ಸ್ವಾರಸ್ಯದ ಸಂಗತಿ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ನಾರ್ಮನ್ ಟ್ರಿಪ್ಲೆಟ್ 1897ರ ಸೈಕಲ್ ದಾಖಲೆಗಳನ್ನು ಮುಂದಿಟ್ಟುಕೊಂಡು, ಒಂಟಿಯಾಗಿ ಗಡಿಯಾರದ ವಿರುದ್ಧ ತುಳಿದವರಿಗಿಂತ ಜೊತೆಗಾರರಿದ್ದವರು ವೇಗವಾಗಿ ಹೋಗಿದ್ದಾರೆಂದು ಗಮನಿಸಿದ. ಇದನ್ನು ಪರೀಕ್ಷಿಸಲು ಮಕ್ಕಳ ಕೈಗೆ ಮೀನುಗಾಳದ ರಾಟೆ ಕೊಟ್ಟು ಸುತ್ತಿಸಿದ. ಫಲಿತಾಂಶವನ್ನು 1898ರಲ್ಲಿ ಪ್ರಕಟಿಸಿದ. ಸಾಮಾಜಿಕ ಮನಶ್ಶಾಸ್ತ್ರದ ಮೊದಮೊದಲ ಪ್ರಯೋಗಗಳಲ್ಲಿ ಅದೂ ಒಂದು. 1965ರಲ್ಲಿ ರಾಬರ್ಟ್ ಝಾಯಂಟ್ಸ್ ಇದಕ್ಕೊಂದು ತಿದ್ದುಪಡಿ ಸೇರಿಸಿದ. ನೋಡುವವರಿದ್ದಾಗ ಚೆನ್ನಾಗಿ ಕೈಗೂಡಿದ ಕೆಲಸ ಇನ್ನಷ್ಟು ಚೆನ್ನಾಗಿ ಆಗುತ್ತದೆ, ಕೈಗೂಡದ ಕೆಲಸ ಕೆಡುತ್ತದೆ ಎಂಬುದು ಅವನ ವಾದ. ನಾಲ್ಕು ವರ್ಷಗಳ ತರುವಾಯ ಅವನು ಮತ್ತು ಸಂಗಡಿಗರು ಜಿರಳೆಗಳನ್ನು ಓಡಿಸಿ ನೋಡಿದರು. ಬೇರೆ ಜಿರಳೆಗಳು ನೋಡುತ್ತಿದ್ದಾಗ ನೇರ ದಾರಿಯಲ್ಲಿ ಅವು ಬೇಗ ಓಡಿದವು, ತಿರುವಿರುವ ದಾರಿಯಲ್ಲಿ ತಡವರಿಸಿದವು.

ರಸ್ತೆಬದಿಯ ಗೆಳೆಯರು ಇದರಿಂದ ಕಲಿಯಬೇಕಾದ್ದಿದೆ. ಪೆಡಲ್ ತುಳಿಯುವುದು ಪಳಗಿದ ಸವಾರನಿಗೆ ಯೋಚನೆ ಬೇಡದ ಕೆಲಸ, ಅಲ್ಲಿ ಎಷ್ಟು ಕೂಗಿದರೂ ಒಳ್ಳೆಯದೇ. ಇಳಿಜಾರಿನ ಕಡಿದಾದ ತಿರುವು ಹಾಗಲ್ಲ. ಎಲ್ಲಿ ಬ್ರೇಕ್ ಹಿಡಿಯಬೇಕು, ಯಾವ ಗೆರೆ ಹಿಡಿದು ತಿರುಗಬೇಕು ಎಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುವವನಿಗೆ ಅಲ್ಲಿ ಮೌನ ಬೇಕು. ಬ್ರಿಟನ್ನಿನ ಸಂಶೋಧಕರು 24 ಮಂದಿಯ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮಗೆ ತಾವೇ ಧೈರ್ಯ ಹೇಳಿಕೊಳ್ಳುವುದನ್ನು ಎರಡು ವಾರ ರೂಢಿಸಿಕೊಂಡವರು ಸುಸ್ತಾಗಿ ನಿಲ್ಲುವ ಮುನ್ನ ಸೈಕಲ್ ತುಳಿದ ಹೊತ್ತು ಸುಮಾರು 18 ಶೇಕಡ ಹೆಚ್ಚಿತು. ದಣಿವು ತಮಗೆ ಕಡಿಮೆ ಅನಿಸಿತೆಂದೂ ಅವರು ಹೇಳಿದರು. ಮಾತಿಗೆ ಕಾಲನ್ನು ಎಳೆದೊಯ್ಯುವ ಬಲವಿದೆ ಎನ್ನಲು ಇದು ಗಟ್ಟಿ ಆಧಾರ. ಪರಿಚಿತ ದನಿಯಲ್ಲಿ ತನ್ನ ಹೆಸರು ಕೇಳಿದವನಿಗೆ ಆ ಮಾತು ಹೊರಗಿನಿಂದಲೇ ಸಿಕ್ಕಂತೆ.

ಹುರುಪಿಗಿಂತ ದೊಡ್ಡ ಕೊಡುಗೆ ಸುದ್ದಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ರೇಸಿನೊಳಗೆ ಇರುವವನಿಗೆ ರೇಸು ಕಾಣುವುದಿಲ್ಲ. ಮುಂದಿನವರ ಬೆನ್ನು ಕಂಡರೆ ಹೆಚ್ಚು. 2021ರ ಜುಲೈ 25ರಂದು ನಡೆದ ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ರೋಡ್ ರೇಸ್ ಇದಕ್ಕೆ ಕಣ್ಣಿಗೆ ರಾಚುವ ಸಾಕ್ಷಿ. ಒಲಿಂಪಿಕ್ಸ್‌ನಲ್ಲಿ ಸವಾರರಿಗೆ ರೇಡಿಯೊ ಇಲ್ಲ. ಗಣಿತಜ್ಞೆಯೂ ಆದ ಆಸ್ಟ್ರಿಯಾದ ಅನ್ನಾ ಕೀಸನ್‌ಹೋಫರ್ ಆರಂಭದಲ್ಲೇ ಇತರರ ಜೊತೆ ಮುಂದೆ ಹೋಗಿ, ಕೊನೆಯ ನಲವತ್ತು ಕಿಲೋಮೀಟರನ್ನು ಹೆಚ್ಚುಕಡಿಮೆ ಒಬ್ಬಳೇ ತುಳಿದಳು. ಹಿಂದಿದ್ದ ಗುಂಪು ದಾರಿಯಲ್ಲಿ ಇಬ್ಬರನ್ನು ಹಿಡಿದು, ಮುಂದೆ ಇನ್ನಾರೂ ಇಲ್ಲವೆಂದುಕೊಂಡಿತು. ಕೀಸನ್‌ಹೋಫರ್ ಗೆದ್ದು ಒಂದು ನಿಮಿಷಕ್ಕೂ ಹೆಚ್ಚು ಕಾಲದ ಮೇಲೆ ಗೆರೆ ದಾಟಿದ ನೆದರ್ಲೆಂಡ್ಸ್‌ನ ಆನ್ನಮೀಕ್ ಫಾನ್ ಫ್ಲೂಟನ್ ಚಿನ್ನ ತನಗೇ ಎಂದು ಕೈಯೆತ್ತಿದಳು. ರಸ್ತೆಬದಿಯಿಂದ ಒಂದು ಸರಿಯಾದ ಮಾತು ಕಿವಿಗೆ ಬಿದ್ದಿದ್ದರೆ ಆ ರೇಸಿನ ಕೊನೆಯ ಭಾಗ ಬೇರೆಯೇ ಆಗಬಹುದಿತ್ತು.

ಊರಿನ ರೇಸಿನಲ್ಲೂ ರೇಡಿಯೊ ಇರುವುದಿಲ್ಲ, ಹಲಗೆಯ ಮೇಲೆ ಅಂತರ ಬರೆದು ತೋರಿಸುವ ಮೋಟಾರ್ ಸೈಕಲ್ ಸವಾರನೂ ಅಪರೂಪ. ಆ ಕೆಲಸ ಕ್ಲಬ್ಬಿನವರದು. ಒಂದು ವಿದ್ಯುತ್ ಕಂಬವನ್ನೋ ಮೋರಿಯ ಕಟ್ಟೆಯನ್ನೋ ಗುರುತಿಗೆ ಇಟ್ಟುಕೊಂಡು, ಮುಂದಿರುವವನ ಮುಂಗಾಲಿ ಅದನ್ನು ದಾಟಿದಾಗ ಗಡಿಯಾರ ಒತ್ತಬೇಕು. ತಮ್ಮವನು ಬಂದಾಗ ಅಂಕಿ ಕೂಗಬೇಕು. ಅಂತರವನ್ನು ಮೀಟರಿನಲ್ಲಿ ಹೇಳಿದರೆ ದಾರಿ ತಪ್ಪಿಸಿದಂತೆ. ಗಂಟೆಗೆ 36 ಕಿ.ಮೀ. ವೇಗದಲ್ಲಿ 30 ಸೆಕೆಂಡ್ ಎಂದರೆ 300 ಮೀಟರ್, ಏರಿನ 15 ಕಿ.ಮೀ. ವೇಗದಲ್ಲಿ ಅದೇ 30 ಸೆಕೆಂಡ್ ಬರೀ 125 ಮೀಟರ್. ಉಸಿರು ಕಟ್ಟಿರುವವನ ತಲೆಗೆ ಉದ್ದ ವಾಕ್ಯ ಇಳಿಯುವುದಿಲ್ಲ. ‘ಮುಂದೆ ಮೂವರು, ನಲವತ್ತು ಸೆಕೆಂಡ್’ ಎಂದರೆ ಸಾಕು. ಮುಂದಿನ ಸುತ್ತಿನಲ್ಲಿ ‘ನಲವತ್ತಿತ್ತು, ಈಗ ಮೂವತ್ತು’ ಎಂದರೆ ಅದು ಯಾವ ಜಯಘೋಷಕ್ಕಿಂತಲೂ ಮಿಗಿಲು, ಏಕೆಂದರೆ ತನ್ನ ಶ್ರಮ ಫಲ ಕೊಡುತ್ತಿದೆಯೆಂದು ಅವನಿಗೆ ತಿಳಿಯುವುದು ಅದರಿಂದಲೇ. ಹಿಂದಿನಿಂದ ಅಟ್ಟುವ ಬಂಚ್ ಹತ್ತು ಕಿಲೋಮೀಟರಿಗೆ ಒಂದು ನಿಮಿಷ ಕಳೆಯಬಲ್ಲದು ಎಂಬುದು ಫ್ರೆಂಚ್ ವೀಕ್ಷಕ ವಿವರಣೆಗಾರ ರೋಬೇರ್ ಶಪಾತ್ ಹೆಸರಿನಲ್ಲಿ ರೂಢಿಯಾಗಿರುವ ಅಂದಾಜು. ಅಂಕಿ ಸಿಕ್ಕರೆ ಸವಾರ ಇಂಥ ಲೆಕ್ಕ ಹಾಕಬಲ್ಲ. ತಪ್ಪು ಅಂಕಿ ಮಾತ್ರ ಮೌನಕ್ಕಿಂತ ಕೆಟ್ಟದ್ದು. ಉತ್ತೇಜನಕ್ಕೆಂದು ಹತ್ತು ಸೆಕೆಂಡ್ ಕಡಿಮೆ ಮಾಡಿ ಹೇಳುವವರು ಗೆಳೆಯನ ಶಕ್ತಿಯನ್ನು ವ್ಯರ್ಥ ಮಾಡಿಸುತ್ತಾರೆ.

ನೆರವಿಗೂ ಮೇರೆಯಿದೆ. 1913ರ ಟೂರ್ ದ ಫ್ರಾನ್ಸ್‌ನಲ್ಲಿ ಯೂಜೀನ್ ಕ್ರಿಸ್ತಾಫ್‌ನ ಸೈಕಲ್ಲಿನ ಫೋರ್ಕ್ ಟೂರ್ಮಲೆ ಬೆಟ್ಟದ ಇಳಿಜಾರಿನಲ್ಲಿ ಮುರಿಯಿತು. ಹೊರಗಿನವರ ಸಹಾಯ ನಿಷಿದ್ಧವಾಗಿದ್ದರಿಂದ ಸೈಕಲ್ ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು, ಸೇಂಟ್ ಮರಿ ದ ಕಾಂಪಾಂ ಹಳ್ಳಿಯ ಕಮ್ಮಾರನ ಕುಲುಮೆಯಲ್ಲಿ ತಾನೇ ಬೆಸೆದುಕೊಂಡ. ತಿದಿ ಒತ್ತಿದ್ದು ಹುಡುಗನೊಬ್ಬ ಎಂಬ ಕಾರಣಕ್ಕೆ ಅವನಿಗೆ ಹತ್ತು ನಿಮಿಷದ ದಂಡ ಬಿತ್ತು. ಬಳಿಕ ಅದನ್ನು ಮೂರಕ್ಕೆ ಇಳಿಸಿದರು. ಇಂದಿನ ನಿಯಮಗಳು ಅಷ್ಟು ನಿರ್ದಯವಲ್ಲ. ಗೊತ್ತುಮಾಡಿದ ಜಾಗದಲ್ಲಿ ನೀರಿನ ಬಾಟಲಿ ಕೊಡಬಹುದು: ಏರಿನಲ್ಲಿ ನಿಂತು, ಕತ್ತನ್ನು ಬೆರಳ ತುದಿಯಲ್ಲಿ ಸಡಿಲವಾಗಿ ಹಿಡಿದು, ಸವಾರ ಸೆಳೆದೊಡನೆ ಬಿಡುವ ಹಾಗೆ. ಬೆನ್ನಿಗೆ ಕೈಹಚ್ಚಿ ತಳ್ಳುವುದು ಮಾತ್ರ ಇಂದಿಗೂ ಅಪರಾಧವೇ, ಶಿಕ್ಷೆ ಅನುಭವಿಸುವವನು ಸವಾರ.

ಅದೇ ಟೂರ್‌ನಲ್ಲಿ ಅಭಿಮಾನ ಮಿತಿ ಮೀರಿದ ಕಥೆಗಳೂ ಉಂಟು. 1904ರಲ್ಲಿ ಸೇಂಟ್ ಎತಿಯೆನ್ ಹತ್ತಿರ ಸ್ಥಳೀಯ ಸ್ಪರ್ಧಿಯ ಬೆಂಬಲಿಗರು ರಾತ್ರಿ ದಾರಿಗಟ್ಟಿ ಉಳಿದವರನ್ನು ಬಡಿದರು. 1975ರಲ್ಲಿ ಎಡ್ಡಿ ಮರ್ಕ್ಸ್‌ಗೆ ಪ್ಯೂಯಿ ದ ದೋಮ್ ಏರಿನಲ್ಲಿ ನೋಡುಗನೊಬ್ಬ ಗುದ್ದಿದ. 2021ರಲ್ಲಿ ಸವಾರರಿಗೆ ಬೆನ್ನು ಹಾಕಿ, ಟಿವಿ ಕ್ಯಾಮೆರಾಕ್ಕೆ ಫಲಕ ತೋರಿಸುತ್ತ ನಿಂತಿದ್ದ ಮಹಿಳೆಗೆ ಟೋನಿ ಮಾರ್ಟಿನ್ ತಾಗಿ, ಬಂಚಿನ ಬಹುಭಾಗ ನೆಲಕ್ಕುರುಳಿತು. ರಸ್ತೆಗೆ ಬೆನ್ನು ಹಾಕಬಾರದು ಎಂಬ ಒಂದೇ ಎಚ್ಚರ ಅಷ್ಟು ಮೂಳೆಗಳನ್ನು ಉಳಿಸುತ್ತಿತ್ತು.

ಕರ್ನಾಟಕದಲ್ಲಿ ಈ ಕ್ರೀಡೆಯ ಬೇರು ಆಳವಾಗಿರುವುದು ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ. ಸರ್ಕಾರಿ ಕ್ರೀಡಾ ವಸತಿನಿಲಯಗಳಿಂದ, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾಶಾಲೆಯಿಂದ ಬಂದ ರೈತರ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಕುಸ್ತಿ ಕಣದ ಸುತ್ತ ಹಲಗೆ ಬಾರಿಸಿ ಪೈಲ್ವಾನರನ್ನು ಹುರಿದುಂಬಿಸುವ ಆ ಜನಕ್ಕೆ ‘ತುಳಿ ತಮ್ಮಾ, ಬಿಡಬ್ಯಾಡ’ ಎನ್ನಲು ಯಾರೂ ಕಲಿಸಬೇಕಿಲ್ಲ. ಬೆಂಗಳೂರಿನ ಕ್ಲಬ್ಬುಗಳದು ಬೇರೆ ಬಗೆ. ವಾರವಿಡೀ ಕಚೇರಿ, ಭಾನುವಾರ ಬೆಳಕು ಹರಿಯುವಾಗ ರೇಸು. ಎರಡೂ ಕಡೆ ಒಂದು ತೊಡಕು ಸಮಾನ: ಊರಿನ ರೇಸಿಗೆ ರಸ್ತೆ ಪೂರ್ತಿ ಮುಚ್ಚುವುದು ವಿರಳ. ತಿರುವಿನಾಚೆ ಬಸ್ಸು ಬರಬಹುದು, ಕುರಿಮಂದೆ ದಾಟಬಹುದು, ಸುಗ್ಗಿಯಲ್ಲಿ ತೆನೆ ಹರಡಿರಬಹುದು, ರಾತ್ರೋರಾತ್ರಿ ಹೊಸ ಹಂಪ್ ಎದ್ದಿರಬಹುದು. ಇಲ್ಲಿ ರಸ್ತೆಬದಿಯ ಗೆಳೆಯ ಅರ್ಧ ಮಾರ್ಷಲ್. ಕೂಡುರಸ್ತೆಯಲ್ಲಿ ಕೆಂಪು ಬಾವುಟ ಹಿಡಿದು ಟ್ರ್ಯಾಕ್ಟರ್ ಚಾಲಕನನ್ನು ಎರಡು ನಿಮಿಷ ತಾಳೆಂದು ಒಪ್ಪಿಸುವವನು, ಹಂಪಿಗೆ ಐವತ್ತು ಮೀಟರ್ ಮೊದಲೇ ಕೈಬೀಸುವವನು ಮಾಡುವ ಉಪಕಾರಕ್ಕೆ ಯಾವ ಚಪ್ಪಾಳೆಯೂ ಸಮನಲ್ಲ. ಅದು ತನ್ನ ಕ್ಲಬ್ಬಿನವನಿಗಷ್ಟೇ ಅಲ್ಲ, ಬಂದವರಿಗೆಲ್ಲ ಸಲ್ಲುತ್ತದೆ.

ಗೆರೆಯ ಬಳಿ ನಿಲ್ಲುವವರಿಗೆ ಉಳಿಯುವ ಕೆಲಸ ಸ್ವಲ್ಪ. ಕೊನೆಯ ಇನ್ನೂರು ಮೀಟರಿನ ಸ್ಪ್ರಿಂಟಿನಲ್ಲಿ ಸವಾರರು ತಲೆ ತಗ್ಗಿಸಿ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಸರಿಯುವುದುಂಟು. ಹಾಗಾಗಿ ಫೋನ್ ಹಿಡಿದ ಕೈ ರಸ್ತೆಯ ಮೇಲೆ ಚಾಚಬಾರದು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗೆರೆ ದಾಟಿದವನು ಸೆಕೆಂಡಿಗೆ 14 ಮೀಟರ್ ಸಾಗುತ್ತಿರುತ್ತಾನೆ, ಅವನ ಹಿಂದೆ ಇನ್ನೂ ಇಪ್ಪತ್ತು ಮಂದಿ ಬರುತ್ತಿರುತ್ತಾರೆ. ಗೆಳೆಯನನ್ನು ಅಪ್ಪಿಕೊಳ್ಳಲು ಗೆರೆಯಿಂದ ನೂರು ಮೀಟರ್ ಆಚೆ, ರಸ್ತೆಯ ಹೊರಗೆ ಕಾಯುವುದೇ ಸರಿ.