ವರ್ಷಕ್ಕೊಂದು ಮರ

ಹಬ್ಬ ಬಂದಿತೆಂದರೆ ಅಡಿಗೆಯಲ್ಲಿ ಏನಾದರೊಂದು ವಿಶೇಷ ಇರಲೇಬೇಕು. ಬೀರ್ ತಯಾರಿಸುವವರಿಗೂ ಈ ಮಾತು ಸಲ್ಲುತ್ತದೆ.

ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಆ್ಯಂಕರ್ ಬೀರ್ ಕಾರ್ಖಾನೆ 1896ರಷ್ಟು ಹಳೆಯದು. 1965ರಲ್ಲಿ ಅದು ಬಾಗಿಲು ಹಾಕುವ ಸ್ಥಿತಿಗೆ ಬಂದಿದ್ದಾಗ, ಬಟ್ಟೆ ಒಗೆಯುವ ಯಂತ್ರಗಳಿಗೆ ಹೆಸರಾದ ಮನೆತನದ ತರುಣ ಫ್ರಿಟ್ಸ್ ಮೇಟ್ಯಾಗ್ ಅದನ್ನು ಕೊಂಡು ಉಳಿಸಿದರು. 1975ರಲ್ಲಿ ಅಲ್ಲಿಂದ ಕ್ರಿಸ್‌ಮಸ್ ಹಬ್ಬಕ್ಕೆಂದೇ ಒಂದು ಬೀರ್ ಹೊರಬಂದಿತು.

ಅಂದಿನಿಂದ ಅದು ಪ್ರತಿ ವರ್ಷ ನವೆಂಬರಿನಲ್ಲಿ ಬಂದು, ಹೊಸ ವರ್ಷದ ಮೊದಲ ವಾರಗಳಲ್ಲಿ ಮರೆಯಾಗುತ್ತಿದ್ದಿತು. ಪಾಕವನ್ನು ವರ್ಷವರ್ಷವೂ ಬದಲಿಸುತ್ತಿದ್ದರು. ಬೆರೆಸಿದ ಸಂಬಾರ ಪದಾರ್ಥಗಳು ಯಾವುವೆಂಬುದು ಗುಟ್ಟು. ಸೀಸೆಗೆ ಅಂಟಿಸಿದ ಚೀಟಿಯ ಮೇಲೆ ಪ್ರತಿ ಸಲವೂ ಬೇರೊಂದು ಮರ. ಚಳಿಗಾಲದ ನಡುವೆ ಭೂಮಿಯ ಮರುಹುಟ್ಟಿಗೆ ಮರವೇ ಸಂಕೇತವೆಂಬ ಹಳೆಯ ಭಾವನೆ ಇದರ ಮೂಲ. ಕಲಾವಿದ ಜಿಮ್ ಸ್ಟಿಟ್ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಆ ಮರಗಳನ್ನು ಕೈಯಿಂದಲೇ ಬರೆದರು. ಬರಿದಾದ ಸೀಸೆಗಳನ್ನೂ ಎಸೆಯದೆ ವರ್ಷಾನುಕ್ರಮವಾಗಿ ಜೋಡಿಸಿಟ್ಟುಕೊಂಡವರುಂಟು.

2023ರ ಬೇಸಗೆಯಲ್ಲಿ, ಹಬ್ಬದ ಬೀರ್ ಇನ್ನಿಲ್ಲವೆಂಬ ಸುದ್ದಿ ಬಂದಿತು. ಅದರ ಹಿಂದೆಯೇ ಕಾರ್ಖಾನೆಯೂ ಮುಚ್ಚುವುದೆಂಬ ಪ್ರಕಟಣೆ! 48 ವರ್ಷ ತಪ್ಪದೆ ಬಂದ ಅತಿಥಿ ಆ ಡಿಸೆಂಬರಿನಲ್ಲಿ ಬರಲಿಲ್ಲ.

2024ರಲ್ಲಿ, ಮೊಸರಿನ ವ್ಯಾಪಾರದಿಂದ ಸಿರಿವಂತರಾದ ಹಮ್ದಿ ಉಲುಕಾಯಾ ಕಾರ್ಖಾನೆಯನ್ನು ಕೊಂಡರು. ಒಗೆಯುವ ಯಂತ್ರದ ಹಣ ಒಮ್ಮೆ ಕಾಪಾಡಿದ್ದ ಸಂಸ್ಥೆಗೆ ಈ ಬಾರಿ ಮೊಸರಿನ ಹಣ ಒದಗಿತು. ಹಣ ಕಟ್ಟಡವನ್ನೂ ಹಂಡೆಗಳನ್ನೂ ತಂದುಕೊಡಬಲ್ಲುದು. ಆದರೆ ತಪ್ಪಿಹೋದ ಹಬ್ಬವನ್ನು ಅದು ಮರಳಿ ತರಲಾರದು.