ಸೋತವರು ಮತ್ತೆ ನಿಲ್ಲಬಹುದೇ?

ಬೋಧನಾಭ್ಯಾಸದ ವೀಕ್ಷಣೆಗೆಂದು ಸಂತೆಮರಹಳ್ಳಿಯ ಪ್ರೌಢಶಾಲೆಯೊಂದರ ಹತ್ತನೆಯ ತರಗತಿಯಲ್ಲಿ ಕುಳಿತಿದ್ದೆ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಹಿಟ್ಲರನ ಏಳಿಗೆಯ ಪಾಠ ಮಾಡುತ್ತಿದ್ದರು. ಧ್ವನಿ ಚೆನ್ನಾಗಿತ್ತು, ಕಪ್ಪುಹಲಗೆ ಅಚ್ಚುಕಟ್ಟಾಗಿತ್ತು, ಚಾರ್ಟಿನಲ್ಲಿ ಮೀಸೆಯಿಂದ ಹಿಡಿದು ಸ್ವಸ್ತಿಕದವರೆಗೆ ಎಲ್ಲವೂ ಇತ್ತು. ನಡುವೆ ಒಬ್ಬ ಹುಡುಗಿ ಎದ್ದು, “ಓಟಾಕಿ ಅವ್ನ ಇಳಿಸ್ಬೋದಿತ್ತಲ್ವ ಸಾ?” ಎಂದಳು. “ಅದು ಪಾಠದಲ್ಲಿಲ್ಲ, ಕೂತ್ಕೊ” ಎಂದರು ಇವರು. ನಾನು ವೀಕ್ಷಣಾ ಪುಸ್ತಕದಲ್ಲಿ ‘ತರಗತಿ ನಿರ್ವಹಣೆ ಉತ್ತಮ’ ಎಂದು ಬರೆದೆ.

ಬರೆದದ್ದು ತಪ್ಪು. ಆ ಅವಧಿಯಲ್ಲಿ ಬಂದ ಒಳ್ಳೆಯ ಪ್ರಶ್ನೆ ಅದೊಂದೇ.

ಸರ್ವಾಧಿಕಾರವನ್ನು ನಾವು ಒಬ್ಬ ಕೆಟ್ಟ ಮನುಷ್ಯನ ಜೀವನಚರಿತ್ರೆಯಾಗಿ ಕಲಿಸುತ್ತೇವೆ. ಮಕ್ಕಳು ‘ಕ್ರೂರಿ’ ಎಂದು ಬರೆದು ಅಂಕ ಪಡೆಯುತ್ತಾರೆ. ಆದರೆ ಅಧಿಕಾರ ಕೈವಶವಾದದ್ದು ಒಂದೊಂದೇ ತಾರೀಖಿನಲ್ಲಿ, ಒಂದೊಂದೇ ಸಹಿಯಿಂದ. 1933ರ ಜನವರಿ 30ರಂದು ಅಧ್ಯಕ್ಷ ಹಿಂಡೆನ್‌ಬರ್ಗ್ ಹಿಟ್ಲರನನ್ನು ಕಾನೂನಿನಂತೆಯೇ ಚಾನ್ಸಲರ್ ಆಗಿ ನೇಮಿಸಿದರು. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ತುರ್ತು ಆಜ್ಞೆ ಹೊರಟು ವಾಕ್, ಪತ್ರಿಕೆ ಮತ್ತು ಸಭೆಯ ಸ್ವಾತಂತ್ರ್ಯಗಳು ಅಮಾನತಾದವು. ಇಷ್ಟೆಲ್ಲ ಬೆದರಿಕೆಯ ನಡುವೆಯೂ ಮಾರ್ಚ್ 5ರ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಬಿದ್ದದ್ದು ಶೇ. 43.9 ಮತ; ಒಂಟಿಯಾಗಿ ಬಹುಮತ ಸಿಗಲಿಲ್ಲ. ಮಾರ್ಚ್ 23ರಂದು ಕಮ್ಯುನಿಸ್ಟ್ ಸದಸ್ಯರನ್ನು ಹೊರಗಿಟ್ಟು, ಸಂಸತ್ತನ್ನು ಕೇಳದೆಯೇ ಕಾನೂನು ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಮಸೂದೆ 444–94 ಮತಗಳಿಂದ ಪಾಸಾಯಿತು. ವಿರೋಧಿಸಿ ಮತ ಹಾಕಿದವರು ಸೋಷಿಯಲ್ ಡೆಮಾಕ್ರಾಟರು ಮಾತ್ರ. ಜುಲೈ 14ಕ್ಕೆ ಬೇರೆ ಪಕ್ಷ ಕಟ್ಟುವುದೇ ಅಪರಾಧವಾಯಿತು. ಆರು ತಿಂಗಳೂ ಹಿಡಿಯಲಿಲ್ಲ.

ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ ಇದು: ಇಳಿಸಲು ಓಟು ಹಾಕೋಣವೆಂದರೆ ಎದುರಿಗೆ ನಿಲ್ಲುವವರನ್ನೇ ಉಳಿಸಿರಲಿಲ್ಲ.

ಇದನ್ನು ಮನದಟ್ಟು ಮಾಡಿಸಲು ಸಂತೆಮರಹಳ್ಳಿಗಿಂತ ಒಳ್ಳೆಯ ಊರಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಇದೇ ಹೆಸರಿನ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರು, ಎ. ಆರ್. ಕೃಷ್ಣಮೂರ್ತಿ 40,751. ಒಂದು ಓಟಿನ ಈ ಕಥೆಯನ್ನು ಮತದಾನದ ಮಹತ್ವ ಹೇಳಲು ನಾವೆಲ್ಲ ಬಳಸುತ್ತೇವೆ. ಕಥೆಯ ಉತ್ತರಾರ್ಧವನ್ನು ಹೇಳುವುದಿಲ್ಲ. ಕ್ಷೇತ್ರ ಮರುವಿಂಗಡಣೆಯಲ್ಲಿ ಸಂತೆಮರಹಳ್ಳಿ ಕ್ಷೇತ್ರವೇ ಇಲ್ಲವಾಯಿತು. ಆದರೆ ಅಂದು ಸೋತವರು 2023ರಲ್ಲಿ ಪಕ್ಕದ ಕೊಳ್ಳೇಗಾಲದಿಂದ ಗೆದ್ದು ವಿಧಾನಸಭೆಗೆ ಹೋದರು. ಯಾವ ಪಕ್ಷ ಎಂಬುದು ಇಲ್ಲಿ ಮುಖ್ಯವಲ್ಲ. ಒಂದು ಓಟಿನಿಂದ ಸೋತವರೂ ಊರಲ್ಲೇ ಇದ್ದು, ಮಾತಾಡಿಕೊಂಡು, ಮತ್ತೆ ಜನರ ಮುಂದೆ ನಿಲ್ಲಬಹುದು ಎಂಬುದು ಮುಖ್ಯ. ನಮ್ಮಲ್ಲೂ 1975ರ ತುರ್ತು ಪರಿಸ್ಥಿತಿಯಲ್ಲಿ ವಿರೋಧ ಪಕ್ಷದ ನಾಯಕರು ಜೈಲು ಸೇರಿದರು, ವಾಜಪೇಯಿ, ಅಡ್ವಾಣಿ ಅವರನ್ನು ಬಂಧಿಸಿದ್ದು ಬೆಂಗಳೂರಿನಲ್ಲಿ. 1977ರಲ್ಲಿ ವಿರೋಧ ಪಕ್ಷದವರು ಮತ್ತೆ ಚುನಾವಣೆಗೆ ನಿಂತು ಗೆದ್ದರು. ಜರ್ಮನಿಯಲ್ಲಿ ಮುಚ್ಚಿದ ಬಾಗಿಲು ಇಲ್ಲಿ ತೆರೆಯಿತು.

“ರಾಜಕೀಯ ಆಗುತ್ತೆ ಸರ್” ಎಂದು ಪ್ರಶಿಕ್ಷಣಾರ್ಥಿಗಳು ಹೆದರುತ್ತಾರೆ. ಆ ಹೆದರಿಕೆ ಕಲಿಸಿದವರು ನಾವೇ. ‘ವಿಷಯಾಂತರ’ ಎಂದು ಅಂಕ ಕಳೆಯುವ ಕೆಂಪು ಪೆನ್ನು ನಮ್ಮ ಕೈಯಲ್ಲಿದೆ. ಒಂದು ಸಂಗತಿ ನೆನಪಿರಲಿ. 1931ರಲ್ಲಿ ಇಟಲಿಯ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರು ಫ್ಯಾಸಿಸ್ಟ್ ಆಡಳಿತಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕಾಯಿತು. ಸುಮಾರು 1,200 ಮಂದಿಯಲ್ಲಿ ನಿರಾಕರಿಸಿದವರು ಇಪ್ಪತ್ತೂ ಇರಲಿಲ್ಲ. ಉಳಿದವರೆಲ್ಲ ದುಷ್ಟರಲ್ಲ, ಸಂಬಳ, ಸಂಸಾರ ಇದ್ದ, ನಮ್ಮಂಥ ಮೇಷ್ಟ್ರುಗಳೇ. ಈ ಪಾಠದಲ್ಲಿ ನಾವೂ ಇದ್ದೇವೆ.

ನನ್ನ ಸಲಹೆ ಚಿಕ್ಕದು. ಈ ಘಟಕದ ಪಾಠ ಯೋಜನೆಯಲ್ಲಿ ಹಿಟ್ಲರನ ಚಿತ್ರದ ಬದಲು ಮೇಲಿನ ಐದು ತಾರೀಖುಗಳ ಪಟ್ಟಿ ಇರಲಿ. ಪ್ರತಿಯೊಂದರ ಮುಂದೆ ಮಕ್ಕಳು ಎರಡು ಪ್ರಶ್ನೆಗೆ ಉತ್ತರ ಬರೆಯಲಿ: ಅಂದು ಯಾರ ಬಾಯಿ ಮುಚ್ಚಿತು? ಸೋತವರು ಮತ್ತೆ ನಿಲ್ಲಬಹುದಿತ್ತೇ? ಮೌಲ್ಯಮಾಪನಕ್ಕೆ ಇಷ್ಟು ಸಾಕು.

ಮುಂದಿನ ವೀಕ್ಷಣೆಗೆ ಅದೇ ಶಾಲೆಗೆ ಹೋಗುವವನಿದ್ದೇನೆ. ಆ ಹುಡುಗಿ ಮತ್ತೆ ಎದ್ದು ನಿಂತರೆ, ‘ಕೂತ್ಕೊ’ ಎಂದವರಿಗಲ್ಲ, ಅವಳನ್ನು ನಿಲ್ಲಗೊಟ್ಟವರಿಗೆ ನನ್ನ ಅಂಕ.